ಹನ್ನೆರಡನೆಯ ಹೊಂಡ

ಕಳೆದ ತಿಂಗಳು ಬಂಟ್ವಾಳದ ತಾಲೂಕು ಕಚೇರಿಯಲ್ಲಿ ಒಂದು ಕೆಲಸ ಮುಗಿಸಿ ಮೂಡುಬಿದಿರೆಯ ಬಸ್ಸಿನಲ್ಲಿ ಕೂತಿದ್ದೆ. ಸಿದ್ಧಕಟ್ಟೆಯಲ್ಲಿ ಬಸ್ಸು ನಿಂತಾಗ ಪಕ್ಕಕ್ಕೇ ಒಂದು ಲಾರಿ ಬಂದು ನಿಂತಿತು. ಆಗಷ್ಟೇ ಕಡಿದು ತಂದ ಕೆಂಪುಕಲ್ಲು. ಮೇಲೆ ಮಳೆ ಬಿದ್ದು ಹಲಗೆಯ ಸಂದಿಯಿಂದ ಕೆಂಪು ನೀರು ಸೋರುತ್ತಿತ್ತು. ಒದ್ದೆ ಕಲ್ಲುಪುಡಿಯ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಪಕ್ಕದ ಹೆಂಗಸು ನನಗೆ ಬಸ್ಸು ಆಗಿಬರುವುದಿಲ್ಲ ಎಂದುಕೊಂಡು ಚೀಲದಿಂದ ಲಿಂಬೆಹಣ್ಣು ತೆಗೆದುಕೊಟ್ಟಳು. ನಾನು ಸುಮ್ಮನೆ ತೆಗೆದುಕೊಂಡೆ. ಬಸ್ಸು ಹೊರಟು ಲಾರಿ ಹಿಂದೆ ಉಳಿದರೂ ಮನಸ್ಸು ಮಾತ್ರ ಅಲ್ಲಿಂದ ಒಳಗೆ ಹೋಗುವ ರಸ್ತೆಯನ್ನೇ ಹಿಡಿದಿತ್ತು.

ಆ ಒಳರಸ್ತೆಯ ಕೊನೆಯ ಊರಿನಲ್ಲಿ ನನ್ನ ಗಂಡನ ಮನೆ. ಗಂಡ ಆಗ ಕತಾರಿನಲ್ಲಿದ್ದರು, ಎರಡು ವರ್ಷಕ್ಕೊಮ್ಮೆ ರಜೆ. ಮನೆಯಲ್ಲಿ ಅತ್ತೆ, ಗಂಡನ ಅಣ್ಣ, ಅವರ ಹೆಂಡತಿ ಮತ್ತು ನಾನು. ಗಂಡನ ಅಣ್ಣನನ್ನು ನಾನು ಭಾವ ಎನ್ನುತ್ತಿದ್ದೆ. ಅವರದು ಕೆಂಪುಕಲ್ಲು ಕಡಿದು ಮಾರುವ ಕೋರೆಯ ವ್ಯವಹಾರ. ಮಾವ ತೀರಿಕೊಂಡ ಮೇಲೆ ತಮ್ಮನನ್ನು ಓದಿಸಿದ್ದು, ತಂಗಿಯ ಮದುವೆ ಮಾಡಿದ್ದು ಎಲ್ಲ ಅವರೇ. ಮನೆಯಲ್ಲಿ ಕೂತು ನಾನು ಸೊರಗುತ್ತಿದ್ದುದನ್ನು ಗಮನಿಸಿ, ಪಂಚಾಯತ್ ಗ್ರಂಥಾಲಯದಲ್ಲಿ ಮೇಲ್ವಿಚಾರಕಿಯ ಜಾಗ ಖಾಲಿಯಾದಾಗ ಅಧ್ಯಕ್ಷರ ಹತ್ತಿರ ಮಾತಾಡಿದ್ದೂ ಅವರೇ. ಅಧ್ಯಕ್ಷರು ಅವರ ಶಾಲೆಯ ಜೊತೆಗಾರ. ಹಾಗಾಗಿ ಮನೆಯಲ್ಲೂ ಕೆಲಸದಲ್ಲೂ ನಾನು ಒಬ್ಬರದೇ ಉಪಕಾರದಲ್ಲಿ ಇದ್ದೆ. ಅವರು ಅದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವರಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಗ್ರಂಥಾಲಯ ಎಂದರೆ ಪಂಚಾಯತ್ ಕಟ್ಟಡದ ಹಿಂಬದಿಯ ಒಂದು ಕೋಣೆ. ಅದಕ್ಕೆ ಬೇರೆ ಬಾಗಿಲು ಇಲ್ಲ. ಕಚೇರಿಯ ಜಗಲಿ ದಾಟಿ, ಅಧ್ಯಕ್ಷರ ಕೋಣೆಯ ಎದುರಿನಿಂದಲೇ ಹೋಗಬೇಕು. ಇದ್ದ ಒಂದು ಕಿಟಕಿ ಕಂಪೌಂಡ್ ಗೋಡೆಗೆ ಮುಖಮಾಡಿತ್ತು. ಮಳೆಗಾಲದಲ್ಲಿ ಆ ಗೋಡೆಯ ಮೇಲೆ ಪಾಚಿ ಬೆಳೆಯುವುದನ್ನು ನೋಡುವುದೇ ನನ್ನ ಹೊರಗಿನ ನೋಟ.

ಒಂದು ವರ್ಷ ಮಳೆ ಹಿಡಿಯುವ ಮೊದಲು ಮೇಲಿನಿಂದ ಸುತ್ತೋಲೆ ಬಂತು. ಗ್ರಂಥಾಲಯ ಬರೀ ಪುಸ್ತಕ ಕೊಡುವ ಜಾಗವಾಗಬಾರದು, ಊರಿನ ಯುವಕ ಯುವತಿಯರ ತಂಡ ಕಟ್ಟಿ ಗ್ರಾಮಸಭೆಗೆ ಅವರು ಬರುವಂತೆ ಮಾಡಬೇಕು ಎಂದು. ಬಂಟ್ವಾಳದಲ್ಲಿ ಎರಡು ದಿನ ತರಬೇತಿ ಆಯಿತು. ತರಬೇತಿ ಕೊಟ್ಟವರು ಹೇಳಿದ ಒಂದು ಮಾತನ್ನು ನಾನು ಪುಸ್ತಕದಲ್ಲಿ ಬರೆದುಕೊಂಡಿದ್ದೆ: ನೀವು ಮುಂದೆ ನಿಲ್ಲಬೇಡಿ, ಹಿಂದೆ ಕೂತುಕೊಳ್ಳಿ, ಪ್ರಶ್ನೆ ಅವರದ್ದೇ ಆಗಿರಲಿ. ಹಿಂದೆ ಕೂರುವುದು ನನಗೆ ಹೊಸತಾಗಿರಲಿಲ್ಲ. ಇದಾದರೆ ನನ್ನಿಂದ ಆದೀತು ಅಂದುಕೊಂಡೆ.

ಮೊದಲ ಭಾನುವಾರ ಹದಿನೈದು ಜನ ಬಂದರು, ಜುಲೈ ಹೊತ್ತಿಗೆ ಏಳು ಜನ ಉಳಿದರು. ಅವರಲ್ಲಿ ಹರ್ಷಿತಾ ಮತ್ತು ನೌಫಲ್ ಇಬ್ಬರು ಯಾವತ್ತೂ ತಪ್ಪಿಸಿದವರಲ್ಲ. ಹರ್ಷಿತಾ ಮೂಡುಬಿದಿರೆಯಲ್ಲಿ ಬಿ.ಕಾಂ. ಎರಡನೇ ವರ್ಷ, ತಂದೆ ಇಲ್ಲ, ತಾಯಿ ಗಿರಿಜಕ್ಕ ಬೀಡಿ ಕಟ್ಟಿ ಸಾಕಿದ ಒಬ್ಬಳೇ ಮಗಳು. ಮಾತು ಕಡಿಮೆ, ಆದರೆ ಒಂದು ಪ್ರಶ್ನೆ ಕೇಳಿದರೆ ಉತ್ತರ ಬರುವವರೆಗೆ ಮುಖ ನೋಡುತ್ತಾ ಕೂರುತ್ತಿದ್ದಳು. ನೌಫಲ್ ಐ.ಟಿ.ಐ. ಮುಗಿಸಿ ಸಿದ್ಧಕಟ್ಟೆಯ ಪಂಪ್ ರಿಪೇರಿ ಅಂಗಡಿಯಲ್ಲಿದ್ದ. ಎಲ್ಲರನ್ನೂ ನಗಿಸುವವ, ಫೋನಿನಲ್ಲಿ ನಕ್ಷೆ ಮಾಡುವುದು ಅವನಿಗೆ ಗೊತ್ತಿತ್ತು.

ಮೊದಮೊದಲು ಅವರು ಕೇಳಿದ್ದು ವಾಲಿಬಾಲ್ ನೆಟ್ಟು, ಪೊಲೀಸ್ ಪರೀಕ್ಷೆಯ ಗೈಡು. ನನಗೂ ನಿರಾಳ. ಜುಲೈಯ ದೊಡ್ಡ ಮಳೆಯಲ್ಲಿ ಗಿರಿಜಕ್ಕನ ಹಸು ಹಳೆಯ ಕೋರೆಯ ಹೊಂಡಕ್ಕೆ ಬಿತ್ತು. ಕೆಂಪುಕಲ್ಲನ್ನು ಯಂತ್ರದಿಂದ ಚೌಕ ಚೌಕವಾಗಿ ಕಡಿದು ತೆಗೆದರೆ ಗೋಡೆಯಂತೆ ನೆಟ್ಟಗಿನ ಬದಿಗಳು ಉಳಿಯುತ್ತವೆ. ಕಲ್ಲು ಮುಗಿದ ಮೇಲೆ ಹೊಂಡವನ್ನು ಹಾಗೆಯೇ ಬಿಟ್ಟುಹೋಗುತ್ತಾರೆ. ಮಳೆಗೆ ತುಂಬಿಕೊಂಡರೆ ಹತ್ತಿ ಬರಲು ಎಲ್ಲೂ ಕಾಲಿಡುವ ಜಾಗ ಇರುವುದಿಲ್ಲ. ಹಸು ಒಂದೂವರೆ ದಿನ ಈಜುತ್ತಾ ಕೂಗಿತು. ಕೆಸರಿನಲ್ಲಿ ಜೆ.ಸಿ.ಬಿ.ಗೆ ಬರಲಾಗಲಿಲ್ಲ. ಆಮೇಲೆ ಕೂಗು ನಿಂತಿತು.

ಮುಂದಿನ ಭಾನುವಾರ ಹರ್ಷಿತಾ ಬಂದು ಕೂತು ಹೇಳಿದಳು, "ಹಸು ಹೋದದ್ದಕ್ಕೆ ಹೇಳುದಲ್ಲ ಅಕ್ಕ. ಅದರ ಬದಿಯಲ್ಲೇ ಶಾಲೆಯ ಮಕ್ಕಳು ನಡೆಯುದು. ಆ ಹೊಂಡಕ್ಕೆ ಬೇಲಿ ಹಾಕುದು ಯಾರ ಕೆಲಸ?"

ಉತ್ತರ ನನಗೆ ಗೊತ್ತಿತ್ತು, ಹೇಳಿದೆ. ಜಾಗದವರು ಹಾಕಬೇಕು, ಹಾಕದಿದ್ದರೆ ಪಂಚಾಯತ್ ಹಾಕಿಸಬೇಕು, ಗ್ರಾಮಸಭೆಯಲ್ಲಿ ಕೇಳಬಹುದು ಎಂದೆ. ಊರಿನಲ್ಲಿ ಒಟ್ಟು ಎಷ್ಟು ಹೊಂಡ ಉಂಟು ಎಂದು ತಿಳಿದುಕೊಂಡು ಕೇಳಿದರೆ ಒಳ್ಳೆಯದು ಎಂದೂ ಸೇರಿಸಿದೆ. ಒಂದು ಹೊಂಡ ನಮ್ಮ ಮನೆಯ ಗುಡ್ಡೆಯಲ್ಲೇ ಇದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಸಣ್ಣ ಊರು, ಅವರಿಗೆ ಗೊತ್ತಿಲ್ಲದೆ ಇರಲು ಸಾಧ್ಯವೇ ಇರಲಿಲ್ಲ. ಆದರೂ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ.

ನಾಲ್ಕು ಭಾನುವಾರ ಅವರು ಮಳೆಯಲ್ಲಿ ತಿರುಗಿದರು. ನೌಫಲ್ ಬಾವಿಹಗ್ಗಕ್ಕೆ ಒಂದೊಂದು ಮಾರಿಗೆ ಒಂದು ಗಂಟು ಹಾಕಿ ತುದಿಗೆ ಕಲ್ಲು ಕಟ್ಟಿ ತಂದಿದ್ದ. ಹೊಂಡದ ಅಂಚಿನಲ್ಲಿ ಇಬ್ಬರು ನಿಂತು ಹಗ್ಗ ಇಳಿಸುವುದು, ಮುಳುಗಿದ ಗಂಟು ಎಣಿಸುವುದು, ದಾರಿಯಿಂದ ಎಷ್ಟು ಹೆಜ್ಜೆ ಎಂದು ನಡೆದು ನೋಡುವುದು. ಹರ್ಷಿತಾ ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ನಕ್ಷೆ ಬರೆಯುತ್ತಿದ್ದಳು. ಎರಡನೇ ಭಾನುವಾರ ನಾನೂ ಜೊತೆಗೆ ಹೋಗಿದ್ದೆ. ಕೊಡೆ ಹಿಡಿದು ನಿಂತಿದ್ದವಳು, ತಿಂಗಳ ವರದಿಗೆ ಬೇಕೆಂದು ಒಂದು ಫೋಟೊ ತೆಗೆದೆ. ಹಗ್ಗದ ಒಂದು ತುದಿಯಲ್ಲಿ ಹರ್ಷಿತಾ, ಇನ್ನೊಂದು ತುದಿಯಲ್ಲಿ ನೌಫಲ್, ನಡುವೆ ಮತ್ತು ಹಿಂದೆ ಮೂವರು; ಏಳು ಜನರಲ್ಲಿ ಅವತ್ತು ಬಂದವರು ಐವರೇ. ಎಲ್ಲರೂ ನಗುತ್ತಿದ್ದರು, ನೌಫಲ್ ಏನೋ ಹೇಳಿದ್ದ. ಅದನ್ನು ಆ ಸಂಜೆಯೇ ಪಂಚಾಯತಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಪಿ.ಡಿ.ಒ. ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು.

ನಾಲ್ಕನೇ ಭಾನುವಾರ ನಾನು ಮನೆಯ ಹಿಂದೆ ಬಟ್ಟೆ ಒಗೆಯುತ್ತಿದ್ದಾಗ ಬೇಲಿಯಾಚೆ ಮಾತು ಕೇಳಿಸಿತು. ತಲೆಯೆತ್ತಿದರೆ ಅದೇ ಐವರು ನಮ್ಮ ಗುಡ್ಡೆಯ ಅಂಚಿನಲ್ಲಿ ನಿಂತಿದ್ದರು. ಆ ಹೊಂಡಕ್ಕೂ ನಮ್ಮ ಮನೆಯ ದಾರಿಗೂ ಮೂರು ಮಾರು ಅಂತರ ಇಲ್ಲ. ಹರ್ಷಿತಾ ಬೇಲಿಯ ಹತ್ತಿರ ಬಂದಳು. ಒಳಗೆ ಕಾಲಿಡಲಿಲ್ಲ.

"ಅಕ್ಕ, ಇದನ್ನು ಅಳೆಯುದಾ, ಬೇಡವಾ?"

ಬೇಡ ಎಂದಿದ್ದರೆ ಅವಳು ತಿರುಗಿ ಹೋಗುತ್ತಿದ್ದಳು. ಹೋಗಿ ಪಟ್ಟಿಯಲ್ಲಿ ಹನ್ನೊಂದು ಹೊಂಡ ಎಂದು ಬರೆದು ಮುಗಿಸುತ್ತಿದ್ದಳು. ಅದು ನನಗೆ ಗೊತ್ತಿತ್ತು. ಅಡುಗೆಮನೆಯಲ್ಲಿ ಅತ್ತೆ ತೆಂಗಿನಕಾಯಿ ತುರಿಯುವ ಸದ್ದು ನಿಂತದ್ದೂ ಕೇಳಿಸಿತು.

"ಅಳೆಯಿರಿ," ಎಂದೆ. ಅಷ್ಟು ಸಣ್ಣ ಸ್ವರದಲ್ಲಿ ಹೇಳಿದೆನೆಂದರೆ ಅವಳು ತುಟಿ ನೋಡಿಯೇ ತಿಳಿದುಕೊಂಡಿರಬೇಕು. ಒಗೆಯದ ಬಟ್ಟೆಯನ್ನು ಹಾಗೆಯೇ ಬಿಟ್ಟು ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಭಾವ ಕೂಗಾಡುವ ಮನುಷ್ಯ ಅಲ್ಲ. ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಮಾತಾಡಿದರು. ಗುಡ್ಡೆಗೆ ಮಕ್ಕಳು ಬಂದಿದ್ದರಂತಲ್ಲ ಎಂದರು. ಹೌದು ಎಂದೆ. ಸ್ವಲ್ಪ ಹೊತ್ತು ಉಂಡು, "ವನಿತಾ, ಊರಿನಲ್ಲಿ ಹೊಂಡ ತುಂಬ ಉಂಟು. ನಮ್ಮ ಮನೆಯದ್ದು ಗ್ರಾಮಸಭೆಯಲ್ಲಿ ಬರಬಾರದು. ಅಷ್ಟೇ ನಾನು ಹೇಳುದು," ಎಂದರು. ಅತ್ತೆ ಅವರಿಗೆ ಸಾರು ಬಡಿಸಿದರು. ನನ್ನ ಉತ್ತರಕ್ಕೆ ಯಾರೂ ಕಾಯಲಿಲ್ಲ.

ಆ ವಾರ ಗಂಡನ ಫೋನ್ ಬಂತು. ಅವರಿಗೂ ವಿಷಯ ಮುಟ್ಟಿತ್ತು. ಇನ್ನೊಂದು ಸ್ವಲ್ಪ ಸಮಯ ಸುಮ್ಮನೆ ಇರು, ನಾನು ಬಂದ ಮೇಲೆ ಬೇರೆ ಮನೆ ಮಾಡುವ ಎಂದರು. ಮಾಡಬೇಕೆಂದಿದ್ದ ಆ ಮನೆಗೂ ಕಲ್ಲು ಬರಬೇಕಾಗಿದ್ದದ್ದು ಅಣ್ಣನ ಕೋರೆಯಿಂದಲೇ.

ಗ್ರಂಥಾಲಯದ ಗೋಡೆಗೆ ಮಕ್ಕಳು ನಕ್ಷೆಯನ್ನು ದೊಡ್ಡ ಚಾರ್ಟಿನಲ್ಲಿ ಬರೆದು ಅಂಟಿಸಿದ್ದರು. ಹನ್ನೆರಡು ಕೆಂಪು ಚೌಕ. ಅಧ್ಯಕ್ಷರು ಒಂದು ದಿನ ಬಂದು ನೋಡಿ, ಚೆನ್ನಾಗಿ ಮಾಡಿದ್ದಾರೆ, ಆದರೆ ಸರಕಾರಿ ಗೋಡೆಯಲ್ಲಿ ಇಂಥದ್ದು ಇರಬಾರದು, ತೆಗೆದಿಡಿ ಎಂದರು. ತೆಗೆದೆ. ಸುರುಳಿ ಸುತ್ತಿ ಕಪಾಟಿನ ಹಿಂದೆ ಇಟ್ಟೆ. ಖಾಲಿ ಗೋಡೆ ಕಂಡು ಹರ್ಷಿತಾ, ಗ್ರಾಮಸಭೆಯಲ್ಲಿ ನಾನೇ ಓದುತ್ತೇನೆ, ಮನೆಯಲ್ಲಿ ಕರಡು ಉಂಟು ಎಂದಳು.

ಚೌತಿಯ ಹೊತ್ತಿಗೆ ಆ ಫೋಟೊ ಊರಿನ ಫೋನುಗಳಲ್ಲಿ ತಿರುಗತೊಡಗಿತು. ಉಳಿದ ಮೂವರು ಅದರಲ್ಲಿ ಇರಲಿಲ್ಲ. ಹರ್ಷಿತಾ ಮತ್ತು ನೌಫಲ್ ಇಬ್ಬರೇ, ಪರಸ್ಪರ ನೋಡಿ ನಗುವಂತೆ ಕಾಣುವ ಹಾಗೆ ಕತ್ತರಿಸಿ ಹತ್ತಿರ ತಂದಿದ್ದರು. ಹಗ್ಗವೂ ಕಾಣುತ್ತಿರಲಿಲ್ಲ. ಕೆಳಗೆ ಬರೆದಿದ್ದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆಯವರಿಗೆ ಅದನ್ನು ಹೇಳುವ ಅಗತ್ಯವೂ ಇಲ್ಲ. ಒಬ್ಬ ಹಿಂದೂ ಹುಡುಗಿ, ಒಬ್ಬ ಬ್ಯಾರಿ ಹುಡುಗ ಒಂದೇ ಚಿತ್ರದಲ್ಲಿ ಇದ್ದರೆ ಏನು ಬರೆಯುತ್ತಾರೆಂದು ಎಲ್ಲರಿಗೂ ಗೊತ್ತು.

ಅದು ನಾನು ತೆಗೆದ ಫೋಟೊ. ಪಂಚಾಯತಿನ ಆ ಗುಂಪಿನಲ್ಲಿ ಇದ್ದವರು ಹದಿನಾಲ್ಕು ಜನ. ಕತ್ತರಿಸಿದವರು ಯಾರೆಂದು ನನಗೆ ಇಂದಿಗೂ ತಿಳಿದಿಲ್ಲ. ಪೂರ್ತಿ ಚಿತ್ರ ನನ್ನ ಫೋನಿನಲ್ಲಿತ್ತು, ಐವರೂ ಇದ್ದ ಚಿತ್ರ. ಒಂದು ಬೆರಳು ಒತ್ತಿದರೆ ಊರಿಗೆಲ್ಲ ಕಳಿಸಬಹುದಿತ್ತು. ಕಳಿಸಿದರೆ ನಾನೂ ಅಲ್ಲಿದ್ದೆ ಎಂದಾಗುತ್ತದೆ, ಭಾವ ಬೇಡವೆಂದ ಕೆಲಸಕ್ಕೆ ಮೊದಲಿನಿಂದಲೂ ಜೊತೆಗಿದ್ದವಳು ನಾನೇ ಎಂದಾಗುತ್ತದೆ. ದಿನಾ ಬೆಳಿಗ್ಗೆ ಗ್ರಂಥಾಲಯಕ್ಕೆ ಬಂದು ಫೋನ್ ತೆಗೆದು ಆ ಚಿತ್ರ ನೋಡುತ್ತಿದ್ದೆ. ಮತ್ತೆ ಫೋನನ್ನು ಮೇಜಿನ ಮೇಲೆ ಮಗುಚಿ ಇಡುತ್ತಿದ್ದೆ. ಹೊರಗೆ ಹೋಗಬೇಕಾದರೆ ಅಧ್ಯಕ್ಷರ ಬಾಗಿಲು ದಾಟಬೇಕು, ಮನೆಗೆ ಹೋದರೆ ಅತ್ತೆಯ ಮೌನ. ಆ ದಿನಗಳಲ್ಲಿ ನಾನು ಸಮಾಧಾನದಿಂದ ಉಸಿರಾಡಿದ್ದು ಎರಡರ ನಡುವಿನ ಅರ್ಧ ಗಂಟೆಯ ಕಾಲುದಾರಿಯಲ್ಲಿ ಮಾತ್ರ. ಆ ದಾರಿಯೂ ಹೊಂಡದ ಬದಿಯಿಂದಲೇ ಹೋಗುತ್ತಿತ್ತು.

ನೌಫಲನನ್ನು ಅಂಗಡಿಯವರು ಕೆಲವು ದಿನ ಬರಬೇಡ ಎಂದರು. ಅವರೂ ಹೆದರಿದ್ದರು. ಒಂದು ಮಧ್ಯಾಹ್ನ ಅವನು ಗ್ರಂಥಾಲಯಕ್ಕೆ ಬಂದು ತೆಗೆದುಕೊಂಡುಹೋಗಿದ್ದ ಪುಸ್ತಕ ಮೇಜಿನ ಮೇಲಿಟ್ಟ. ಕೂತುಕೋ ಎಂದರೂ ಕೂರಲಿಲ್ಲ.

"ನಕ್ಷೆಯ ಫೈಲು ನಿಮಗೆ ಕಳಿಸಿದ್ದೇನೆ ಅಕ್ಕ. ನನ್ನ ಹೆಸರು ತೆಗೆದಿದ್ದೇನೆ, ಇನ್ನು ತೊಂದರೆ ಆಗ್ಲಿಕ್ಕಿಲ್ಲ."

ಫೋಟೊ ವಿಷಯ ಹೇಳಬೇಕೆಂದು ಬಾಯಿ ತೆರೆದೆ. ಜಗಲಿಯಲ್ಲಿ ಯಾರೋ ನಡೆದಾಡುವ ಸದ್ದಾಯಿತು. ಪುಸ್ತಕದ ನಂಬರ್ ಬರೆದುಕೊಂಡೆ. ಅವನು ಹೋದ. ಚಳಿಗಾಲ ಶುರುವಾಗುವ ಮೊದಲೇ ಅವನ ಸೋದರಮಾವ ಅವನನ್ನು ಸೌದಿಯ ದಮ್ಮಾಮಿಗೆ ಕರೆಸಿಕೊಂಡರೆಂದು ಆಮೇಲೆ ತಿಳಿಯಿತು.

ಹರ್ಷಿತಾಳನ್ನು ಮೊದಲು ಕಾಲೇಜಿಗೆ ಹೋಗದಂತೆ ಮಾಡಿದರು. ಆಮೇಲೆ ಗಿರಿಜಕ್ಕನ ಅಣ್ಣ ಬಂದು, ಈ ಊರಿನಲ್ಲಿ ಇನ್ನು ಇಡುವುದು ಬೇಡ ಎಂದು ಬೆಳ್ತಂಗಡಿಯ ತಮ್ಮ ಮನೆಗೆ ಕರೆದುಕೊಂಡು ಹೋದರು. ಅವಳ ಮನೆ ನನ್ನ ದಾರಿಯಲ್ಲೇ ಇತ್ತು. ನಾನು ಒಂದು ದಿನವೂ ಮೆಟ್ಟಿಲು ಹತ್ತಿ ಹೋಗಲಿಲ್ಲ. ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕೂತ ಗಿರಿಜಕ್ಕ ನನ್ನನ್ನು ಕಂಡು ತಲೆ ತಗ್ಗಿಸುತ್ತಿದ್ದರು. ನನ್ನ ಮಗಳು ನಿಮಗೆ ಕೆಟ್ಟ ಹೆಸರು ತಂದಳು ಎಂಬ ಸಂಕೋಚ ಅವರಿಗೆ. ನನಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ.

ನವರಾತ್ರಿ ಕಳೆದ ಮೇಲೆ ಶಾಲೆಯ ಸಭಾಂಗಣದಲ್ಲಿ ಗ್ರಾಮಸಭೆ ನಡೆಯಿತು. ಹಾಜರಿ ಪುಸ್ತಕದ ಹತ್ತಿರ ನನ್ನನ್ನು ಕೂರಿಸಿದ್ದರು. ವೇದಿಕೆಯಲ್ಲಿ ಅಧ್ಯಕ್ಷರು, ತಾಲೂಕಿನಿಂದ ಬಂದ ನೋಡಲ್ ಅಧಿಕಾರಿ. ಎರಡನೇ ಸಾಲಿನಲ್ಲಿ ಭಾವ. ತಂಡದ ಮಕ್ಕಳಲ್ಲಿ ಒಬ್ಬರೂ ಬಂದಿರಲಿಲ್ಲ. ನೀರು, ಬೀದಿದೀಪ, ರಸ್ತೆ ಎಲ್ಲ ಆಯಿತು. ಇನ್ನೇನಾದರೂ ಉಂಟಾ ಎಂದು ಅಧ್ಯಕ್ಷರು ಕೇಳಿದರು. ಇಲ್ಲ ಎಂದು ಎಲ್ಲರೂ ಏಳುವವರಿದ್ದರು. ಅಷ್ಟರಲ್ಲಿ ಹೆಂಗಸರ ಸಾಲಿನ ಕೊನೆಯಲ್ಲಿ ಗಿರಿಜಕ್ಕ ಎದ್ದು ನಿಂತರು.

ಅವರು ಸಭೆಯಲ್ಲಿ ಮಾತಾಡಿದ್ದನ್ನು ಯಾರೂ ಕಂಡವರಿಲ್ಲ. ಬೀಡಿಯ ಚೀಲದಿಂದ ಮಡಚಿದ ಕ್ಯಾಲೆಂಡರ್ ಹಾಳೆಗಳನ್ನು ತೆಗೆದರು. ಹನ್ನೆರಡು ಹೊಂಡ ಉಂಟು, ಬೇಲಿ ಒಂದಕ್ಕೂ ಇಲ್ಲ, ನನ್ನ ಹಸು ಹೋಯಿತು, ನಾಳೆ ಮಕ್ಕಳು ಹೋದರೆ ಎಂದು ಹೇಳಿದರು. ಅಧ್ಯಕ್ಷರು ತಾಳ್ಮೆಯಿಂದಲೇ, ಈ ನಕ್ಷೆಗೆ ಸಹಿ ಇಲ್ಲ, ಸೀಲಿಲ್ಲ, ಇದನ್ನು ಯಾರು ಮಾಡಿದ್ದು ಎಂದರು. ಹಿಂದಿನಿಂದ ಯಾರೋ, ಇಬ್ಬರು ತಿರುಗಾಡಿ ಮಾಡಿದ್ದು ಎಂದರು. ಸಭೆ ನಕ್ಕಿತು.

ಗಿರಿಜಕ್ಕ ನಗು ಮುಗಿಯುವವರೆಗೆ ಕಾದರು. "ಮಗಳನ್ನು ಊರು ಬಿಡಿಸಿ ಆಯ್ತು. ಅದರಿಂದ ನಿಮಗೆ ಸಮಾಧಾನ ಆಗಿರಬಹುದು. ಈಗ ಹೊಂಡದ ವಿಷಯ ಹೇಳಿ," ಎಂದರು.

ನಾನು ಎದ್ದು ನಿಂತದ್ದು ಧೈರ್ಯದಿಂದ ಎಂದು ಆಮೇಲೆ ಕೆಲವರು ಹೇಳಿದರು. ನನಗೆ ಕೂತಿರಲು ಆಗಲಿಲ್ಲ, ಅಷ್ಟೇ. ಮೈಕ್ ಬೇಕೆನ್ನಿಸಲಿಲ್ಲ. ನಕ್ಷೆ ಮಾಡಿದ್ದು ಏಳು ಜನ, ಮಾಡಿ ಎಂದದ್ದು ನಾನು, ಅದು ಸುತ್ತೋಲೆಯ ಪ್ರಕಾರವೇ ಮಾಡಿದ ಕೆಲಸ ಎಂದೆ. ಫೋನನ್ನು ನೋಡಲ್ ಅಧಿಕಾರಿಯ ಕೈಗೆ ಕೊಟ್ಟೆ. "ಈ ಫೋಟೊ ತೆಗೆದದ್ದು ನಾನು. ಇದರಲ್ಲಿ ಐದು ಜನ ಇದ್ದಾರೆ. ನಾನು ಆರನೆಯವಳು," ಎಂದೆ. ಮತ್ತೆ ಎರಡನೇ ಸಾಲಿನ ಕಡೆ ತಿರುಗಿದೆ. "ಹನ್ನೆರಡನೆಯ ಹೊಂಡ ನಮ್ಮ ಮನೆಯದ್ದು."

ಭಾವ ನನ್ನ ಕಡೆ ನೋಡಲಿಲ್ಲ. ಎದ್ದು, ಚಪ್ಪಲಿ ಹಾಕಿಕೊಂಡು ಹೊರಗೆ ಹೋದರು.

ಎಲ್ಲ ಹೊಂಡಗಳಿಗೂ ಜಾಗದವರು ಬೇಲಿ ಹಾಕಬೇಕೆಂದು ನೋಡಲ್ ಅಧಿಕಾರಿ ನಿರ್ಣಯ ಬರೆಸಿದರು. ಎಲ್ಲರಿಗಿಂತ ಮೊದಲು ಹಾಕಿದವರು ಭಾವನೇ. ಅದೇ ವಾರ ಕಬ್ಬಿಣದ ಕಂಬ, ಮುಳ್ಳುತಂತಿ ತರಿಸಿ ನಾಲ್ಕು ಬದಿಯಲ್ಲೂ ಗಟ್ಟಿಯಾಗಿ ಹಾಕಿಸಿದರು. ನಾನು ನಡೆಯುತ್ತಿದ್ದ ಕಾಲುದಾರಿಯೂ ಬೇಲಿಯ ಒಳಗೆ ಸೇರಿತು. ಅಂದಿನಿಂದ ನಾನು ಪಂಚಾಯತಿಗೆ ಹೋಗಬೇಕಾದರೆ ಮನೆಯ ಎದುರಿನ ಅಂಗಳದಿಂದಲೇ, ಅವರು ಪೇಪರು ಓದುತ್ತಾ ಕೂತ ಜಗಲಿಯ ಮುಂದಿನಿಂದಲೇ ಹೋಗಬೇಕಾಯಿತು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಏಪ್ರಿಲ್‌ವರೆಗೆ ಎಂದರೆ ನಾನು ಆ ಮನೆ ಬಿಡುವವರೆಗೆ, ಅವರು ನನ್ನೊಡನೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಅತ್ತುಬಿಡುತ್ತಿದ್ದೆ. ಅಪ್ಪನ ಜಾಗದಲ್ಲಿ ನಿಂತು ಮನೆ ನಡೆಸಿದ ಮನುಷ್ಯನನ್ನು ಊರಿನ ಎದುರು ತಲೆ ತಗ್ಗಿಸುವಂತೆ ಮಾಡಿದ್ದೆ. ಮಾಡಿದ್ದು ಸರಿ ಎಂದು ಗೊತ್ತಿದ್ದರೂ ಆ ಜಗಲಿಯ ಮುಂದೆ ನನ್ನ ಕಾಲು ಒಂದು ದಿನವೂ ಹಗುರಾಗಿ ನಡೆಯಲಿಲ್ಲ.

ಮಾರ್ಚಿನಲ್ಲಿ ಗ್ರಂಥಾಲಯದ ಕೀಲಿಕೈ ಹಿಂದೆ ಕೊಡಲು ಹೇಳಿದರು. ಬೇರೆಯವರು ಬರುತ್ತಾರೆ ಎಂದರು, ಕಾರಣ ನಾನೂ ಕೇಳಲಿಲ್ಲ. ಗಂಡ ರಜೆಗೆ ಬಂದರು. ಅಣ್ಣನ ಹತ್ತಿರವೂ ನನ್ನ ಹತ್ತಿರವೂ ಏನನ್ನೂ ವಾದಿಸದೆ, ಮೂಡುಬಿದಿರೆಯಲ್ಲಿ ಒಂದು ಬಾಡಿಗೆ ಮನೆ ಹುಡುಕಿ ನನ್ನನ್ನು ಅಲ್ಲಿ ಬಿಟ್ಟು ಮತ್ತೆ ಕತಾರಿಗೆ ಹೋದರು.

ಮೇ ಕೊನೆಯಲ್ಲಿ ಗಿರಿಜಕ್ಕನಿಂದ ವಿಳಾಸ ಕೇಳಿ ಪಡೆದು ಬೆಳ್ತಂಗಡಿಗೆ ಹೋದೆ. ಹರ್ಷಿತಾ ಅಲ್ಲಿನ ಕಾಲೇಜಿಗೆ ಸೇರಿದ್ದಳು. ಸ್ವಲ್ಪ ಸಣಕಲಾಗಿದ್ದಳು. ಅವಳ ಸೋದರಮಾವನ ಹೆಂಡತಿ ಚಹಾ ಕೊಟ್ಟು ಒಳಗೆ ಹೋದ ಮೇಲೆ, ತಿಂಗಳುಗಟ್ಟಲೆ ಒಳಗಿಟ್ಟುಕೊಂಡದ್ದನ್ನು ಹೇಳಿದೆ. ಆ ಫೋಟೊ ಗುಂಪಿಗೆ ಹಾಕಿದವಳು ನಾನೇ ಎಂದೆ.

"ಗೊತ್ತುಂಟು ಅಕ್ಕ," ಎಂದಳು. "ನೀವೇ ಅಲ್ವಾ ಅವತ್ತು ತೆಗೆದದ್ದು. ನೀವು ಹೇಳ್ತೀರಿ ಅಂತ ಕಾದೆ."

ಗ್ರಾಮಸಭೆಯಲ್ಲಿ ಹೇಳಿದೆ ಎಂದೆ.

"ಅಮ್ಮ ಹೇಳಿದ್ರು. ಅಷ್ಟರಲ್ಲಿ ನನ್ನನ್ನು ಇಲ್ಲಿಗೆ ತಂದಾಗಿತ್ತು."

ಅವಳ ಸ್ವರದಲ್ಲಿ ಸಿಟ್ಟು ಇರಲಿಲ್ಲ. ಚೌತಿಯಿಂದ ಗ್ರಾಮಸಭೆಯವರೆಗೆ ನಲವತ್ತು ದಿನ. ನಾನು ಫೋನನ್ನು ಮಗುಚಿ ಇಟ್ಟ ಒಂದೊಂದು ದಿನವನ್ನೂ ಅವಳು ಇನ್ನೊಂದು ಕಡೆಯಿಂದ ಲೆಕ್ಕ ಹಾಕಿದ್ದಳು. ಅದು ನನಗೆ ಆಗ ತಿಳಿಯಿತು.

ಬಸ್ ಸ್ಟ್ಯಾಂಡಿಗೆ ನನ್ನನ್ನು ಬಿಡಲು ಬಂದಳು. ದಾರಿಯಲ್ಲಿ ತಾನಾಗಿಯೇ ಹೇಳಿದಳು: ಕಾಲೇಜಿನಿಂದ ಬರುವ ರಸ್ತೆಯಲ್ಲಿ ಮಳೆಗಾಲದಲ್ಲಿ ನೀರು ನಿಂತು ಮೋರಿ ಕಾಣುವುದಿಲ್ಲ, ಅದಕ್ಕೆ ಹಲಗೆ ಹಾಕಿಸಲು ಐದು ಹುಡುಗಿಯರು ಸೇರಿ ಅರ್ಜಿ ಕೊಟ್ಟಿದ್ದಾರೆ, ವಾರ್ಡಿನ ಸಭೆಯಲ್ಲಿ ಅವಳೇ ಓದುವುದೆಂದು ತೀರ್ಮಾನ ಆಗಿದೆ. ನನ್ನ ಕಣ್ಣು ತುಂಬಿತು. ಆ ದಿನ ನಾನು ಬರುತ್ತೇನೆ, ಹಿಂದೆ ಎಲ್ಲಾದರೂ ಕೂರುತ್ತೇನೆ ಎಂದೆ.

ಅವಳು ನಡೆಯುವುದನ್ನು ನಿಲ್ಲಿಸಿದಳು. ವೇಣೂರು ಮಾರ್ಗವಾಗಿ ಹೋಗುವ ಬಸ್ಸು ಬಂದು ನಿಂತಿತ್ತು, ಕಂಡಕ್ಟರ್ ಮೂಡುಬಿದಿರೆ ಎಂದು ಕರೆಯುತ್ತಿದ್ದ.

"ಇಲ್ಲಿ ಯಾರಿಗೂ ನನ್ನ ಕಥೆ ಗೊತ್ತಿಲ್ಲ ಅಕ್ಕ," ಎಂದಳು. "ನೀವು ಇನ್ನು ಬರಬೇಡಿ."

ಸರಿ ಎಂದೆ. ಬಸ್ಸು ಹತ್ತಿದೆ. ಆಮೇಲೆ ಹೋಗಲಿಲ್ಲ, ಫೋನೂ ಮಾಡಲಿಲ್ಲ. ಸಭೆಯಲ್ಲಿ ಏನಾಯಿತೆಂದು ಕೇಳಲೂ ಇಲ್ಲ. ತನಗಾಗಿ ಅವಳು ನನ್ನಲ್ಲಿ ಕೇಳಿದ್ದು ಅದೊಂದೇ. ಅದನ್ನಾದರೂ ತಡ ಮಾಡದೆ ನಡೆಸಿಕೊಟ್ಟೆ.